ನಂಬರಿಲ್ಲದ ಕುರ್ಚಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಈ ಪ್ರವಚನ ಶುರು ಮಾಡಿದರೆ ನಿಮಗೆಲ್ಲ ನಿರಾಳ. ಆ ಶ್ರೀಮಂತ ಜಿಪುಣನಾಗಿರುತ್ತಾನೆ, ಕಡೆಗೆ ಅವನಿಗೆ ಬುದ್ಧಿ ಬರುತ್ತದೆ, ನೀವು ತಲೆದೂಗುತ್ತೀರಿ, ಪ್ರಸಾದ ಮುಗಿಸಿ ಮನೆಗೆ ಹೋಗುತ್ತೀರಿ. ಆ ಶ್ರೀಮಂತ ನೀವಲ್ಲವಲ್ಲ. ಇವತ್ತು ಅವನು ಬೇಡ. ಇವತ್ತಿನ ಕಥೆಯಲ್ಲಿ, ಒಂದೂರಲ್ಲಿ ಒಬ್ಬಳು ಟೀಚರ್ ಇದ್ದಳು. ಇಂಥ ಕಥೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ. ಒಬ್ಬ ವ್ಯಾಪಾರಿ, ಒಬ್ಬ ರಾಜ, ಒಬ್ಬ ಕಳ್ಳ, ಅಷ್ಟಕ್ಕೇ ಮುಗಿಯುತ್ತದೆ. ಆದರೆ ಈಕೆಗೆ ಹೆಸರು ಇಡುತ್ತೇನೆ. ನೀಲಗಂಗಾ. ಯಾಕೆ ಇಟ್ಟೆ ಎಂಬುದು ಆಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ಹೆಸರು ಮರೆಯಬೇಡಿ.

ಆ ಊರಿನಲ್ಲಿ ಒಂದು ಹೈಸ್ಕೂಲು. ಊರಿನ ದೊಡ್ಡವರು ಸೇರಿ ಕಟ್ಟಿದ ಆಡಳಿತ ಮಂಡಳಿ ಅದನ್ನು ನಡೆಸುತ್ತದೆ. ಹೆಡ್‌ಮಾಸ್ತರೂ ಸೇರಿ ಹನ್ನೊಂದು ಜನ ಪರ್ಮನೆಂಟ್ ಶಿಕ್ಷಕರು, ಅವರಿಗೆ ಸರ್ಕಾರದ ಸಂಬಳ. ಇಬ್ಬರು ತಾತ್ಕಾಲಿಕ ಶಿಕ್ಷಕಿಯರು, ಅವರಿಗೆ ಮಂಡಳಿ ಕೊಟ್ಟಷ್ಟು. ನೀಲಗಂಗಾ ಆ ಇಬ್ಬರಲ್ಲಿ ಒಬ್ಬಳು. ಗಣಿತ ಕಲಿಸುತ್ತಿದ್ದಳು, ಇನ್ನೊಬ್ಬಳು ಹಿಂದಿ. ಜೂನ್‌ನಲ್ಲಿ ಆರ್ಡರ್, ಮಾರ್ಚ್‌ನಲ್ಲಿ ನಮಸ್ಕಾರ. ಏಪ್ರಿಲ್, ಮೇ ತಿಂಗಳಲ್ಲಿ ಆಕೆಗೆ ಹೊಟ್ಟೆ ಇರುವುದಿಲ್ಲ ಎಂದು ಮಂಡಳಿಯವರ ಲೆಕ್ಕಾಚಾರ. ಹೀಗೆ ಒಂಬತ್ತು ವರ್ಷ.

ನೋಡಿ, ಮನುಷ್ಯನಿಗೆ ಒಂದೊಂದು ಆಸೆ ಇರುತ್ತದೆ. ಕೆಲವರಿಗೆ ಮನೆ, ಕೆಲವರಿಗೆ ಚಿನ್ನ. ನೀಲಗಂಗಾಳ ಆಸೆ ಏನು ಗೊತ್ತೇ? ಒಂದು ಕುರ್ಚಿ.

ನಗಬೇಡಿ. ಹೇಳುತ್ತೇನೆ ಕೇಳಿ.

ಪ್ರತಿವರ್ಷ ಹತ್ತನೇ ತರಗತಿಯ ಮಕ್ಕಳು ಶಾಲೆ ಬಿಡುವ ಮುಂಚೆ ಗ್ರೂಪ್ ಫೋಟೋ ತೆಗೆಸುತ್ತಾರಲ್ಲ, ನಿಮ್ಮ ಮನೆಯ ಗೋಡೆಯ ಮೇಲೂ ಒಂದು ಇರಬಹುದು. ಮುಂದಿನ ಸಾಲಿನಲ್ಲಿ ಕುರ್ಚಿ. ಕುರ್ಚಿಯ ಮೇಲೆ ಕುಳಿತವರ ಹೆಸರು ಕೆಳಗೆ ಒಂದೊಂದಾಗಿ ಅಚ್ಚಾಗುತ್ತದೆ. ಹಿಂದಿನವರಿಗೆಲ್ಲ ಸೇರಿ ಒಂದೇ ಸಾಲು: 'ನಿಂತವರು: ಹತ್ತನೇ ತರಗತಿಯ ವಿದ್ಯಾರ್ಥಿಗಳು.' ಕುರ್ಚಿ ಇರುವುದು ಪರ್ಮನೆಂಟ್ ಆದವರಿಗೆ. ತಾತ್ಕಾಲಿಕದವರು ಹಿಂದೆ ಮಕ್ಕಳ ಜೊತೆ ನಿಲ್ಲಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ನಡೆದುಕೊಂಡು ಬಂದಿದೆ. ಮೊದಲ ವರ್ಷದ ಫೋಟೋದಲ್ಲಿ ನೀಲಗಂಗಾ ನಿಜವಾಗಿ ವಿದ್ಯಾರ್ಥಿನಿಯ ಹಾಗೇ ಕಾಣುತ್ತಾಳೆ. ಒಂಬತ್ತನೇ ವರ್ಷದ ಫೋಟೋದಲ್ಲಿ ಬೈತಲೆಯ ಹತ್ತಿರ ಬಿಳಿ ಕೂದಲಿದೆ. ಕೆಳಗೆ ಬರೆದದ್ದು ಅದೇ, ಹತ್ತನೇ ತರಗತಿಯ ವಿದ್ಯಾರ್ಥಿಗಳು.

ಇಷ್ಟೇ ಆಗಿದ್ದರೆ ಆಕೆ ಸಹಿಸಿಕೊಳ್ಳುತ್ತಿದ್ದಳು. ಆದರೆ ಆಕೆಯ ಅಪ್ಪ ಅದೇ ಶಾಲೆಯಲ್ಲಿ ಜವಾನನಾಗಿದ್ದ. ಫೋಟೋದ ದಿನ ಹನ್ನೊಂದು ಮರದ ಕುರ್ಚಿಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದು ಬೇವಿನ ಮರದ ಕೆಳಗೆ ಸಾಲಾಗಿ ಇಡುತ್ತಿದ್ದವನು ಅವನೇ. ಊರವರು ಮದುವೆ ಮುಂಜಿಗೆಂದು ಒಯ್ದು ಮರಳಿಸುವುದಿಲ್ಲ ಎಂದು, ಪ್ರತಿ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದವನೂ ಅವನೇ. ಒಂದರಿಂದ ಹನ್ನೊಂದು. ಏಳು ಬರೆಯುವಾಗ ಸ್ವಲ್ಪ ವಾರೆಯಾಗಿತ್ತು. ಹೆಗಲ ಮೇಲಿನ ಟವೆಲ್‌ನಿಂದ ಎಲ್ಲವನ್ನೂ ಒರೆಸಿ, ಫೋಟೋದವನು ರೆಡಿ ಎಂದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಮೂವತ್ತು ವರ್ಷದ ಫೋಟೋಗಳು ಆ ಶಾಲೆಯ ಗೋಡೆಯ ಮೇಲಿವೆ. ಒಂದರಲ್ಲೂ ಅವನಿಲ್ಲ.

ನೀಲಗಂಗಾ ತಾನೇ ಹತ್ತನೇ ತರಗತಿಯಲ್ಲಿದ್ದಾಗ ತೆಗೆದ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಆಕೆ ಒಬ್ಬಳು ಪಕ್ಕಕ್ಕೆ ನೋಡುತ್ತಿದ್ದಾಳೆ. ಯಾರನ್ನು ನೋಡುತ್ತಿದ್ದಳು, ನಾನು ಹೇಳಬೇಕೇ? ಆ ದಿನ ಕುರ್ಚಿಗಳನ್ನು ಒಳಗೆ ಒಯ್ಯುವಾಗ ಅಪ್ಪ ಹೇಳಿದ್ದ. "ಇದರಾಗ ಒಂದಿನ ನೀ ಕುಂದರತೀ, ಗಂಗವ್ವ. ನಾ ಒರಸಿ ಇಟ್ಟಿರತೀನಿ."

ಓದಿದಳು. ಬಿ.ಎಡ್. ಮಾಡಿದಳು. ಅದೇ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಬಂದಳು. ಆ ವರ್ಷ ಫೋಟೋಗೆ ಅಪ್ಪ ಕುರ್ಚಿ ಒರೆಸಿ ನಿಂತ. ಮಗಳು ಹಿಂದಿನ ಸಾಲಿಗೆ ಹೋಗಿ ನಿಂತಳು. ಮನೆಯಲ್ಲಿ ಊಟಕ್ಕೆ ಕುಳಿತಾಗ ಅಪ್ಪ, "ಬರೂ ವರ್ಷ," ಎಂದ. ಅಷ್ಟೇ. ಮೂರು ವರ್ಷ ಹಾಗೇ ಅಂದ. ನಾಲ್ಕನೇ ವರ್ಷ ಅನ್ನುವುದಕ್ಕೆ ಅವನಿರಲಿಲ್ಲ. ಆಮೇಲೆ ಫೋಟೋ ತೆಗೆದ ದಿನ ತುತ್ತು ಎತ್ತುವಾಗ ಆಕೆಯೇ ಒಳಗೊಳಗೆ ಅಂದುಕೊಳ್ಳುತ್ತಿದ್ದಳು, ಬರೂ ವರ್ಷ.

ಈಗ ಹೇಳಿ, ಇದು ಬರೀ ಕುರ್ಚಿಯ ಆಸೆಯೇ?

ಹತ್ತನೇ ವರ್ಷ ಬಂತು. ಮಂಡಳಿಯ ಮೂರು ಶಾಲೆಗಳಲ್ಲಿ ತಾತ್ಕಾಲಿಕದವರು ಏಳು ಜನ. ಸಂಬಳ ಏರಿಸಿ, ಬೇಸಿಗೆಯ ಎರಡು ತಿಂಗಳೂ ಕೊಡಿ ಎಂದು ಕೈಮುಗಿದು ಕೇಳಿದರು. ಮಂಡಳಿಯ ಅಧ್ಯಕ್ಷರು ದೈವಭಕ್ತರು, ಒಂದು ಪ್ರವಚನವನ್ನೂ ತಪ್ಪಿಸಿದವರಲ್ಲ, ಮುಂದಿನ ಸಾಲಿನಲ್ಲೇ ಕೂರುವವರು. ಅವರು ನಕ್ಕು ಹೇಳಿದರು. "ವಿದ್ಯಾದಾನ ಅಂದ್ರ ಸೇವಾ ರೀ. ಸೇವಾದಾಗ ರೊಕ್ಕದ ಮಾತು ಬರಬಾರದು." ನಿಮಗೆ ಈ ಮಾತು ಎಲ್ಲೋ ಕೇಳಿದ ಹಾಗಿದೆಯೇ? ಇರಲಿ, ಕಥೆ ಮುಗಿಯಲಿ.

ಏಳು ಜನ ಕೂಡಿ ನಿಶ್ಚಯ ಮಾಡಿದರು. ಪಾಠ ನಿಲ್ಲಿಸುವುದು, ಮಂಡಳಿಯ ಆಫೀಸಿನ ಮುಂದೆ ನೆಲದ ಮೇಲೆ ಕುಳಿತುಬಿಡುವುದು. ನೀಲಗಂಗಾಳೂ ಹೂಂ ಅಂದಿದ್ದಳು. ಕುಳಿತುಕೊಳ್ಳಬೇಕಾದ ದಿನದ ಹಿಂದಿನ ದಿನ ಹೆಡ್‌ಮಾಸ್ತರು ಆಕೆಯನ್ನು ತಮ್ಮ ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು. ಆಕೆಯ ಅಪ್ಪನ ಕೈಯಿಂದ ಹದಿನೈದು ವರ್ಷ ಚಹಾ ಕುಡಿದವರು.

"ನಾಳೆ ಫೋಟೋ ಐತ್ರಿ ಟೀಚರ್," ಎಂದರು. "ಈ ಸಲ ನೀವು ಹಿಂದ ನಿಂದರೂದು ಬ್ಯಾಡ. ಮುಂದ ನಿಮಗೊಂದು ಕುರ್ಚಿ ಹಾಕಸತೀನಿ. ಹೆಸರಿನ ಪಟ್ಟಿ ಸ್ಟುಡಿಯೋಕ್ಕ ಕಳಿಸಿ ಆತು. ನಿಮ್ಮ ಹೆಸರೂ ಐತಿ."

ಆಕೆ ಕೇಳಿದಳು. "ಹಿಂದಿ ಟೀಚರ್‌ಗೂ ಹಾಕಸತೀರೇನ್ರಿ ಸರ್?"

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಮೊದಲ ನಿಮ್ಮದು ಆಗ್ಲಿ. ಅಲ್ಲಿ ಬಿಸಲಾಗ ನೆಲದ ಮ್ಯಾಲೆ ಕುಂದರೂದು ನಿಮಗ ಒಪ್ಪೂದಿಲ್ರಿ. ನಿಮ್ಮಪ್ಪ ಇದ್ದಿದ್ರ ಅವರೂ ಇದನ್ನ ಹೇಳತಿದ್ರು."

ಆ ಕಡೆಯ ಮಾತು ಆಕೆಗೆ ನಾಟಿತು. ಮನೆಗೆ ಬಂದವಳು ಅಪ್ಪ ನಿವೃತ್ತನಾದಾಗ ಕೊಡಿಸಿದ ಇಳಕಲ್ ಸೀರೆ ತೆಗೆದು ಮಂಚದ ಮೇಲೆ ಹರಡಿದಳು. ಮಡಿಕೆಯ ಗೆರೆಗಳನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಸರಿಮಾಡಿದಳು. ಹತ್ತನೆಯವರಿಗೆ ಬೀಜಗಣಿತ ಇನ್ನೂ ಎರಡು ಪಾಠ ಉಳಿದಿದೆ, ನಾನಿಲ್ಲದಿದ್ದರೆ ಯಾರು ಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ನಿಜವೇ. ಆದರೆ ಆಕೆಯ ಕಣ್ಣಮುಂದೆ ಇದ್ದದ್ದು ಬೀಜಗಣಿತವಲ್ಲ, ಬೇವಿನ ಮರದ ಕೆಳಗಿನ ಆ ಸಾಲು. ಅಪ್ಪ ಟವೆಲ್ ಹಿಡಿದು ನಿಂತಿದ್ದಾನೆ. ಎಷ್ಟು ಹತ್ತಿರ ಬಂದಿದೆ ಅದು! ಕೈಚಾಚಿದರೆ ಸಿಗುವಷ್ಟು ಹತ್ತಿರ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿ ಟೀಚರ್ ಜುಬೇದಾ ಬಂದಳು. ಒಂಬತ್ತು ಫೋಟೋಗಳಲ್ಲಿ ನೀಲಗಂಗಾಳ ಪಕ್ಕದಲ್ಲಿ ನಿಂತವಳು ಇವಳೇ. ಮಂಚದ ಮೇಲಿನ ಸೀರೆ ನೋಡಿದಳು, ತಿಳಿದುಕೊಂಡಳು.

"ಮುಂಜಾನೆ ಹತ್ತಕ್ಕ ಕುಂದರತೀವಿ," ಎಂದಳು. "ನೀ ಬಂದ್ರ ಏಳು ಮಂದಿ. ಬರದಿದ್ರ ಆರು."

"ನನಗ ಆ ಕುರ್ಚಿ ಬೇಕಾಗೇತಿ, ಜುಬೇದಾ."

"ಗೊತ್ತೈತಿ. ನಮ್ಮಪ್ಪ ಹೊತ್ತಿದ್ರ ನನಗೂ ಬೇಕಾಗತಿತ್ತು. ಸಿಟ್ಟಿಲ್ಲ ನನಗ." ಚಹಾ ಕುಡಿದು ಕಪ್ಪು ಕೆಳಗಿಟ್ಟು ಎದ್ದಳು. ಬಾಗಿಲ ಹತ್ತಿರ ತಿರುಗಿದಳು. "ಒಂದು ಕೇಳತೀನಿ. ಒಂಬತ್ತು ವರ್ಷದಾಗ ಸಿಗದ ಕುರ್ಚಿ, ನಾವು ಬಾಯಿ ಬಿಟ್ಟ ವಾರದಾಗ ಎಲ್ಲಿಂದ ಬಂತು?"

ಮರುದಿನ ಬೆಳಿಗ್ಗೆ ನೀಲಗಂಗಾ ಆ ಸೀರೆ ಉಟ್ಟು, ತಲೆಗೆ ಹೂವು ಮುಡಿದು, ಶಾಲೆಗೇ ಹೋದಳು. ಹೌದು, ಶಾಲೆಗೇ ಹೋದಳು. ನೀವಾಗಿದ್ದರೆ ಹೋಗುತ್ತಿರಲಿಲ್ಲವೇ? ನಾನಾಗಿದ್ದರೆ ಹೋಗುತ್ತಿದ್ದೆ.

ಬೇವಿನ ಮರದ ಕೆಳಗೆ ಕುರ್ಚಿಗಳು ಬಂದಿದ್ದವು. ಹಿಂದೆ ಬೆಂಚಿನ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ನೂಕುತ್ತ ನಿಂತಿದ್ದರು. ಸಾಲಿನ ಕೊನೆಯ ಕುರ್ಚಿ ತೋರಿಸಿ ಹೆಡ್‌ಮಾಸ್ತರು, "ಬರ್ರಿ ಟೀಚರ್," ಎಂದರು. ಆಕೆ ಕೂರುವ ಮೊದಲು ಕುರ್ಚಿಯ ಹಿಂದೆ ಹೋದಳು. ಯಾಕೆ? ಅಪ್ಪನ ಅಕ್ಷರ ನೋಡಬೇಕಿತ್ತು, ಒಮ್ಮೆ ಬೆರಳಿನಿಂದ ಮುಟ್ಟಬೇಕಿತ್ತು. ಸಾಲಿನ ಉದ್ದಕ್ಕೂ ನೋಡಿದಳು. ಒಂದು, ಎರಡು, ಮೂರು, ಆ ವಾರೆಯಾದ ಏಳು, ಎಲ್ಲ ಇದ್ದವು. ಹನ್ನೊಂದರ ಮೇಲೆ ಡ್ರಾಯಿಂಗ್ ಮಾಸ್ತರು ಕುಳಿತಿದ್ದರು. ತನ್ನ ಕುರ್ಚಿಯ ಬೆನ್ನಿಗೆ ನಂಬರೇ ಇರಲಿಲ್ಲ. ಅದು ಪ್ಲಾಸ್ಟಿಕ್ ಕುರ್ಚಿ. ಬೆನ್ನ ಮೇಲೆ ಶಾಮಿಯಾನಾ ಅಂಗಡಿಯ ಹೆಸರಿತ್ತು.

ಆಕೆ ಕುಳಿತಳು. ನೋಡಿ, ಕುಳಿತಳು. ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಪರ್ಮನೆಂಟ್ ಶಿಕ್ಷಕಿಯರು ಕೂರುವ ಹಾಗೇ ಕುಳಿತಳು. ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಕುಳಿತು ರೂಢಿಯಾಗಿತ್ತು. ಫೋಟೋದವನು, "ಅಲುಗಾಡಬ್ಯಾಡ್ರಿ," ಎಂದ.

ಆಗ ಆಕೆ ಪಕ್ಕಕ್ಕೆ ನೋಡಿದಳು. ಹಿಂದೆ ಒಮ್ಮೆ ನೋಡಿದ್ದಳಲ್ಲ, ಅದೇ ಕಡೆ. ಅಲ್ಲಿ ಯಾರೂ ಇರಲಿಲ್ಲ.

"ಸರ್," ಎಂದಳು ಮೆಲ್ಲಗೆ. "ಈ ಕುರ್ಚಿ ನಾಳೆ ಎಲ್ಲಿರತೈತ್ರಿ?"

ಹೆಡ್‌ಮಾಸ್ತರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಕ್ಯಾಮೆರಾ ಕಡೆಯಿಂದ ಮುಖ ತಿರುಗಿಸದೆ ಹೇಳಿದರು. "ಬಾಡಿಗಿದು ರೀ. ಸಂಜಿಕ್ಕ ವಾಪಸ್ ಕೊಡಬೇಕು."

ಆಕೆಗೆ ಸಿಟ್ಟು ಬರಲಿಲ್ಲ. ದುಃಖವಾಯಿತು, ತುಂಬ ದುಃಖವಾಯಿತು. ಎದ್ದು ನಿಂತಳು. "ಹಂಗಾದ್ರ ನಾನೂ ಹೋಗಿ ಬರತೀನ್ರಿ," ಎಂದಳು. ಮಕ್ಕಳ ಕಡೆ ತಿರುಗಿ, "ಚಂದ ನಗ್ರಿ, ಹಲ್ಲು ಕಾಣಂಗ," ಎಂದಳು. ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದಳು. ಅದೇ ಇಳಕಲ್ ಸೀರೆಯಲ್ಲಿ ಹೋಗಿ, ಮಂಡಳಿಯ ಆಫೀಸಿನ ಮುಂದೆ, ತಾಡಪಾಲಿನ ಮೇಲೆ, ಜುಬೇದಾಳ ಪಕ್ಕದಲ್ಲಿ ಕುಳಿತಳು. ಜುಬೇದಾ ಸ್ವಲ್ಪ ಸರಿದು ಜಾಗ ಕೊಟ್ಟಳು.

ಇತ್ತ ಫೋಟೋ ಏನಾಯಿತು? ಖಾಲಿ ಕುರ್ಚಿ ತೆಗೆಯಬೇಕು ಎಂದು ಎಲ್ಲರಿಗೂ ಅನ್ನಿಸಿತು, ಯಾರೋ ತೆಗೆಯುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು. ಕುರ್ಚಿ ತೆಗೆಯುವುದು ಜವಾನನ ಕೆಲಸ, ಹೊಸ ಜವಾನನಿಗೆ ಯಾರೂ ಹೇಳಲಿಲ್ಲ. ಸ್ಟುಡಿಯೋದವನ ಕೈಯಲ್ಲಿ ಪಟ್ಟಿ ಮೊದಲೇ ಇತ್ತು, ಅವನು ಇದ್ದ ಹಾಗೆ ಅಚ್ಚು ಹಾಕಿದ. ಫೋಟೋ ಬಂತು. ಕೊನೆಯಲ್ಲಿ ಒಂದು ಖಾಲಿ ಕುರ್ಚಿ, ಅದರ ಕೆಳಗೆ ಅಚ್ಚಾದ ಹೆಸರು, ನೀಲಗಂಗಾ.

ಒಂಬತ್ತು ಫೋಟೋಗಳಲ್ಲಿ ಆಕೆ ಇದ್ದಾಳೆ, ಹೆಸರಿಲ್ಲ. ಒಂದೇ ಒಂದು ಫೋಟೋದಲ್ಲಿ ಹೆಸರಿದೆ, ಆಕೆ ಇಲ್ಲ.

ಮುಷ್ಕರ ಗೆದ್ದಿತೇ ಎಂದು ನೀವು ಕೇಳುತ್ತೀರಿ. ಹದಿನಾರು ದಿನ ಕುಳಿತರು. ಬೇಸಿಗೆಯ ಒಂದು ತಿಂಗಳ ಸಂಬಳ ಕೊಡಲು ಮಂಡಳಿ ಒಪ್ಪಿತು. ಎದ್ದು ಬಂದ ಮೇಲೆ ನೀಲಗಂಗಾ ಬೀಜಗಣಿತದ ಎರಡು ಪಾಠಗಳನ್ನು ಭಾನುವಾರ ಕರೆದು ಮಾಡಿದಳು. ಜೂನ್‌ನಲ್ಲಿ ಜುಬೇದಾಳಿಗೆ ಆರ್ಡರ್ ಬರಲಿಲ್ಲ. ನೀಲಗಂಗಾಳಿಗೆ ಬಂತು, ಗಣಿತಕ್ಕೆ ಬೇರೆ ಜನ ಸಿಗಲಿಲ್ಲ. ಮುಂದಿನ ಫೋಟೋಗೆ ಆಕೆ ಮತ್ತೆ ಹಿಂದಿನ ಸಾಲಿನಲ್ಲಿ ನಿಂತಳು. ಪಕ್ಕದಲ್ಲಿ ಜುಬೇದಾ ಇರಲಿಲ್ಲ.

ಖಾಲಿ ಕುರ್ಚಿಯ ಆ ಫೋಟೋ ಈಗಲೂ ಶಾಲೆಯ ಪಡಸಾಲೆಯಲ್ಲಿದೆ. ದಿನವೂ ಕ್ಲಾಸಿಗೆ ಹೋಗುವಾಗ ಆಕೆ ಅದರ ಮುಂದೆ ಅರೆಗಳಿಗೆ ನಿಲ್ಲುತ್ತಾಳೆ. ಆಸೆ ಹೋಗಿಲ್ಲ. ಆಸೆಯನ್ನು ಗೆಲ್ಲಿ ಎಂದು ಈ ಪೀಠದ ಮೇಲೆ ಕುಳಿತು ಎಷ್ಟು ಸಲ ಹೇಳಿಲ್ಲ ನಾನು! ಇವತ್ತು ಹೇಳುವುದಿಲ್ಲ. ಆ ಕುರ್ಚಿಯನ್ನು ಬಯಸುವುದು ತಪ್ಪಲ್ಲ. ಅಷ್ಟು ವರ್ಷ ಬಯಸುವಂತೆ ಆಕೆಯನ್ನು ನಿಲ್ಲಿಸಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಹಸಿವಿನ ಮಾತು ಎತ್ತಿದಾಗ ಬಾಡಿಗೆ ಕುರ್ಚಿ ಹಾಕಿ ಬಾಯಿ ಮುಚ್ಚಿಸಲು ಹೋದದ್ದು.

ನಾವು ಹಾಕುವುದಿಲ್ಲವೇ ಅಂಥ ಕುರ್ಚಿ? ಮನೆಗೆ ಪಾತ್ರೆ ತೊಳೆಯಲು ಬರುವ ತಾಯಿ ಸಂಬಳ ಏರಿಸಿ ಎಂದರೆ, ನೀನು ನಮ್ಮ ಮನೆಯವಳೇ ಅಲ್ಲವೇನಮ್ಮಾ ಎನ್ನುತ್ತೇವೆ, ಹಬ್ಬಕ್ಕೊಂದು ಹಳೆ ಸೀರೆ ಕೊಡುತ್ತೇವೆ. ಅಂಗಡಿಯ ಹುಡುಗನನ್ನು ಮಗನೇ ಎಂದು ಕರೆಯುತ್ತೇವೆ, ಮಗನಿಗೆ ಕೊಡುವಷ್ಟು ಕೊಡುತ್ತೇವೆಯೇ? ಟೀಚರಿಗೆ ವರ್ಷಕ್ಕೊಮ್ಮೆ ಶಾಲು ಹೊದೆಸುತ್ತೇವೆ. ಶಾಲು ಹೊದೆಸುವ ಕೈ ಮೇ ತಿಂಗಳಲ್ಲಿ ಎಲ್ಲಿರುತ್ತದೆ?

ಮುಂದಿನ ಸಾಲಿನವರು ಬೇಜಾರು ಮಾಡಿಕೊಳ್ಳಬೇಡಿ. ಇಂದಿನಿಂದ ಒಂದು ನಡತೆ ಹಿಡಿಯಿರಿ. ಸೇವೆ ಎಂಬ ಮಾತನ್ನು ನಿಮ್ಮ ದುಡಿಮೆಗೆ ಎಷ್ಟು ಬೇಕಾದರೂ ಬಳಸಿ, ಇನ್ನೊಬ್ಬರ ದುಡಿಮೆಗೆ ಬಳಸಬೇಡಿ. ಅವರು ಕೇಳುವ ಮೊದಲೇ ಕೊಡಿ. ಕೇಳಿದರೆ, ಹೊಗಳದೆ ಕೊಡಿ. ನಿಮ್ಮ ಕೈಕೆಳಗೆ ನಿಂತೇ ವರ್ಷ ಕಳೆದವರು ಯಾರಾದರೂ ಇದ್ದರೆ ನಾಳೆ ಬೆಳಿಗ್ಗೆ ಕರೆದು ಕೂರಿಸಿ, ವಾಪಸ್ ಕೊಡಬೇಕಿಲ್ಲದ ಕುರ್ಚಿಯ ಮೇಲೆ.

ನನಗೂ ಇದೆ ಪಾಠ. ಹನ್ನೆರಡು ದಿನದಿಂದ ಇಲ್ಲಿ ಪ್ರವಚನ ನಡೆಯುತ್ತಿದೆ. ಈ ವೇದಿಕೆಯ ಕುರ್ಚಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದ್ದೀರಿ, ನನ್ನದೂ ಇದೆ. ಹಿಂದೆ ಒಲೆಯ ಮುಂದೆ ನಿಂತು ಇಷ್ಟು ಜನಕ್ಕೆ ರೊಟ್ಟಿ ಬಡಿಯುವ ತಾಯಂದಿರು ನಾಲ್ವರಿದ್ದಾರೆ. ಹನ್ನೆರಡು ದಿನ ಅವರ ರೊಟ್ಟಿ ಉಂಡಿದ್ದೇನೆ, ಅವರ ಹೆಸರು ನನಗೆ ಗೊತ್ತಿಲ್ಲ. ಮಂಗಳಾರತಿ ಸ್ವಲ್ಪ ತಡವಾಗಲಿ. ಯಾರಾದರೂ ಒಳಗೆ ಹೋಗಿ ಅವರ ಹೆಸರು ಕೇಳಿಕೊಂಡು ಬನ್ನಿ. ಇವತ್ತು ಮೊದಲು ಅವರು ಕುಳಿತು ಉಣ್ಣಲಿ, ನಾವು ನಿಂತು ಬಡಿಸೋಣ.