ತಾಳದ ಕೆಳಗಿನ ಉಸಿರು

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಪಕ್ಕದವರ ಮುಖ ನೋಡುತ್ತ ಕೂಡುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಅವನಿಗೆ ಹತ್ತಿ ಗಿರಣಿ ಇತ್ತು, ಮನೆತುಂಬ ಜನ ಇದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ಹಾಡು ಕೇಳುವುದು. ಒಳ್ಳೆಯ ಹುಚ್ಚೇ. ಆದರೆ ನೋಡಿ, ಒಳ್ಳೆಯದಾದರೂ ಹುಚ್ಚು ಹುಚ್ಚೇ ತಾನೆ?

ಮನೆಯಲ್ಲಿ ಹಳೆಯ ಸ್ಪೀಕರುಗಳಿದ್ದವು. ಚೆನ್ನಾಗಿಯೇ ಹಾಡುತ್ತಿದ್ದವು. ಆದರೆ ಯಾರದೋ ಮನೆಯಲ್ಲಿ ದೊಡ್ಡ ಸ್ಪೀಕರು ಕೇಳಿ ಬಂದ ದಿನದಿಂದ ಇವನಿಗೆ ತನ್ನವು ಡಬ್ಬಿಯೊಳಗೆ ಕೂತು ಮಾತಾಡಿದಂತೆ ಕೇಳತೊಡಗಿದವು. ಸರಿ, ಹುಬ್ಬಳ್ಳಿಯಿಂದ ಹೊಸವು ಬಂದವು. ಎರಡು, ಆಳೆತ್ತರದವು, ಮುಂದೆ ಕಪ್ಪು ಬಟ್ಟೆ. ತಂದು ಕೂಡ್ರಿಸಿದ ಅಂಗಡಿಯವನು ಹೇಳಿದ, "ಸಾವಕಾರ್ರ, ಇವು ಫುಲ್ ರೇಂಜ್. ತಳದ ಗುಂಯ್ ಅನ್ನೂದರಿಂದ ಹಿಡದು ಮ್ಯಾಲಿನ ಕಿಣಿಕಿಣಿ ತನಕ ಒಂದೂ ಬಿಡೂದಿಲ್ಲ. ರೆಕಾರ್ಡ್ ಮಾಡೂ ಮುಂದ ಆ ಕ್ವಾಣ್ಯಾಗ ಏನೇನಿತ್ತೋ ಎಲ್ಲಾ ಹೊರಗ ಬರತೈತಿ. ಮುಚ್ಚಿಡಾಕ ಬರೂದಿಲ್ಲ ನೋಡ್ರಿ." ಸಾಹುಕಾರ ಹಿರಿಹಿರಿ ಹಿಗ್ಗಿದ.

ಆಮೇಲೆ ಒಂದು ಕುರ್ಚಿ. ಎರಡೂ ಸ್ಪೀಕರಿಗೆ ಸರಿಯಾಗಿ ನಡುವೆ. ಅಲ್ಲಿ ಕೂತರೆ ಮಾತ್ರ ದನಿ ಸರಿಯಾಗಿ ಕೂಡುತ್ತದಂತೆ, ಒಂದಿಷ್ಟು ಆಚೆ ಸರಿದರೆ ಕೆಡುತ್ತದಂತೆ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂಡುವಂತಿಲ್ಲ. ಮನೆತುಂಬ ಜನ, ಕೋಣೆಯಲ್ಲಿ ಒಂದೇ ಕುರ್ಚಿ! ಹೆಂಡತಿ ಚಹಾ ತಂದರೆ ಬಾಗಿಲಲ್ಲೇ ನಿಲ್ಲಬೇಕು. ನಗಬೇಡಿ. ನಿಮ್ಮ ಮನೆಯಲ್ಲೂ ಅಂಥ ಕುರ್ಚಿ ಇದೆ. ಅದರಲ್ಲಿ ಮೊಬೈಲು ಹಿಡಿದು ಯಾರು ಕೂಡುತ್ತಾರೆಂದು ನಿಮ್ಮ ಹೆಂಡಿರನ್ನು ಕೇಳಿದರೆ ಹೇಳುತ್ತಾರೆ.

ಈ ಸಾಹುಕಾರನ ಹತ್ತಿರ ಒಂದು ಹಳೆಯ ಕ್ಯಾಸೆಟ್ಟಿತ್ತು. ಅವನ ಅಪ್ಪ ಲಿಂಗೈಕ್ಯನಾದ ದಿನದ ಭಜನೆಯದು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಹೋದವರನ್ನು ನಾವು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಏರಿಸಿ, ಬೆನ್ನ ಹಿಂದೆ ಬಿಳಿ ಧೋತರ ಇಳಿಬಿಟ್ಟು, ಪಡಸಾಲೆಯಲ್ಲಿ ಕೂಡ್ರಿಸುತ್ತೇವೆ. ಮಣ್ಣು ಕೊಡುವ ತನಕ, ರಾತ್ರಿಯೆಲ್ಲ, ಎದುರಿಗೆ ಭಜನೆ. ಸಾಹುಕಾರ ಆಗಿನ್ನೂ ಹರೆಯದವನು. ಸಣ್ಣ ಟೇಪ್ ರೆಕಾರ್ಡರನ್ನು ಅಪ್ಪನ ತೊಡೆಯ ಪಕ್ಕದಲ್ಲಿ ಹೂವಿನ ನಡುವೆ ಇಟ್ಟು, ಗುಂಡಿ ಒತ್ತಿ, ತಾನು ಅಂಗಳಕ್ಕೆ ಹೋದ. ಹೆಣ ಹೊರುವ ವಿಮಾನ ಕಟ್ಟಿಸಬೇಕು, ಬಂದವರನ್ನು ನೋಡಬೇಕು, ನೂರೆಂಟು ಕೆಲಸ. ಮುಂದೆ ಆ ಕ್ಯಾಸೆಟ್ಟನ್ನು ಪೆನ್ ಡ್ರೈವಿಗೆ ಇಳಿಸಿಕೊಂಡ. ವರ್ಷವರ್ಷ ಅಪ್ಪನ ಪುಣ್ಯತಿಥಿಗೆ ಹಚ್ಚುತ್ತಿದ್ದ. ಹಳೆಯ ಸ್ಪೀಕರಿನಲ್ಲಿ ಹಾರ್ಮೋನಿಯಂ ಪೇಟಿ, ತಾಳ, ಹಾಡು, ಇಷ್ಟೇ ಕೇಳುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ಅವನಿಗೆ ಒಬ್ಬಳು ತಂಗಿ, ನೀಲವ್ವ. ದೂರದ ಊರಿಗೆ ಕೊಟ್ಟಿದ್ದರು. ಅಪ್ಪ ಹಾಸಿಗೆ ಹಿಡಿದಿದ್ದಾನೆಂದು ಹೇಳಿ ಕಳಿಸಿದರೂ ಅವಳು ಬಂದು ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಅಣ್ಣ ಅಂಗಳದಲ್ಲಿ, ಅಷ್ಟು ಮಂದಿಯ ಮುಂದೆ, "ಜೀವ ಇದ್ದಾಗ ಬರಲಿಲ್ಲ, ಈಗ ಹೆಣಾ ನೋಡಾಕ ಬಂದೇನು?" ಎಂದ. ಅವಳು ತಲೆ ಬಗ್ಗಿಸಿ ಒಳಗೆ ಹೋದಳು. ಭಜನೆಯ ಹೊತ್ತಿಗೆ ಅಂಗಳದಿಂದ ಇಣುಕಿದರೆ ಹೆಂಗಸರ ಸಾಲಿನಲ್ಲಿ ಅವಳು ಇವನ ಕಣ್ಣಿಗೆ ಬೀಳಲಿಲ್ಲ. ಒಳಗೆ ಎಲ್ಲೋ ಮಲಗಿದ್ದಾಳೆ ಅಂದುಕೊಂಡ. ಯಾರನ್ನಾದರೂ ಕೇಳಿದನೇ? ಇಲ್ಲ. ಒಳಗೆ ಹೋಗಿ ನೋಡಿದನೇ? ಅದೂ ಇಲ್ಲ. "ಅಪ್ಪನ ಭಜನಿಗೂ ಕೂಡಲಾರದಾಕಿ" ಎಂದು ತಾನೇ ತೀರ್ಪು ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ಮಾತಿಲ್ಲ ಕತೆಯಿಲ್ಲ. ಹೋದ ವರ್ಷ ಅವಳು ತೀರಿಕೊಂಡಾಗಲೂ ಹೋಗಲಿಲ್ಲ. ಹೆಂಡತಿಯೊಬ್ಬಳೇ ಹೋಗಿ ಮಣ್ಣು ಹಾಕಿ ಬಂದಳು.

ಈಗ ಕೇಳಿ. ಹೊಸ ಸ್ಪೀಕರು ಬಂದಮೇಲೆ ಒಂದು ಮಧ್ಯಾಹ್ನ. ಹೊರಗೆ ಸುಡುಬಿಸಿಲು, ಮನೆಯವರೆಲ್ಲ ಉಂಡು ಅಡ್ಡಾಗಿದ್ದಾರೆ. ಸಾಹುಕಾರ ಕಿಟಕಿಗೆ ದಪ್ಪ ಪರದೆ ಎಳೆದು, ಕುರ್ಚಿಯಲ್ಲಿ ಕೂತು, ಅಪ್ಪನ ಭಜನೆ ಹಚ್ಚಿದ. ಅಬ್ಬಬ್ಬಾ! ತಾಳ ಕಿವಿಯ ಪಕ್ಕದಲ್ಲೇ. ಹಾಡುವವನು ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಯಾರೋ ಬಳೆ ಹಿಂದೆ ಸರಿಸಿಕೊಂಡದ್ದು ಕೇಳಿತು. ಆ ದಿನದ ಪಡಸಾಲೆ ಎದ್ದು ಬಂದು ಕೋಣೆಯಲ್ಲಿ ಕೂತಿತ್ತು. ಸಾಹುಕಾರನ ಮೈ ಜುಮ್ಮೆಂದಿತು. ಆಗ ತಾಳದ ಕೆಳಗೆ ಅವನಿಗೆ ಇನ್ನೇನೋ ಕೇಳಿತು.

ಉಸಿರು.

ಎಳೆದುಕೊಳ್ಳುತ್ತಿತ್ತು. ನಡುವೆ ಸಿಕ್ಕಿಕೊಳ್ಳುತ್ತಿತ್ತು. ಸಣ್ಣಗೆ ಸುಂಯ್ ಎಂದು ಬಿಡುತ್ತಿತ್ತು. ಮತ್ತೆ ಎಳೆದುಕೊಳ್ಳುತ್ತಿತ್ತು. ಹಾಡುವವರದಲ್ಲ, ಅವರು ದೂರ ಕೂತಿದ್ದರು. ಇದು ಟೇಪಿನ ಪಕ್ಕದಲ್ಲೇ, ಹೂವಿನ ನಡುವೆ. ಅಲ್ಲಿ ಯಾರಿದ್ದರು? ನೀವೇ ಹೇಳಿ, ಅಲ್ಲಿ ಯಾರಿದ್ದರು? ಅಪ್ಪ ಇದ್ದ. ಅಪ್ಪ ಒಬ್ಬನೇ ಇದ್ದ. ಅಪ್ಪನಿಗೆ ದಮ್ಮಿನ ರೋಗ, ಬದುಕಿರುವ ತನಕ ಹೀಗೇ ಉಸಿರಾಡಿದ್ದ.

ಸಾಹುಕಾರ ಸ್ವಿಚ್ಚು ಆರಿಸಿದ. ಅಂದು ನಾಡಿ ನೋಡಿದವನು ಊರ ಕಾಂಪೌಂಡರು. "ಮುಗೀತ್ರಿ" ಎಂದಿದ್ದ, ಅಷ್ಟೇ. ಬಿಸಿಲೇರುವುದರೊಳಗೆ ಮಣ್ಣಾಗಲಿ ಎಂದು ಅವಸರ ಮಾಡಿದವನು ತಾನೇ. ಹಾಗಾದರೆ ಗುಣಿಯಲ್ಲಿ ಕೂಡ್ರಿಸಿ, ಎಲ್ಲರಿಗಿಂತ ಮೊದಲು ಮಗ ಮಣ್ಣು ಹಾಕಿದಾಗ ಒಳಗಿದ್ದವನು ಕಣ್ಣು ಬಿಟ್ಟನೇ? ಕೂಗಿದನೇ? ಅಯ್ಯೋ ಶಿವನೇ, ಮಗನಾದವನು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಮರುದಿನ ಮತ್ತೆ ಹಚ್ಚಿದ. ಉಸಿರು ಇತ್ತು. ತಂತಿ ಬದಲಿಸಿದ, ಇತ್ತು. ಅಂಗಡಿಯವನನ್ನೇ ಕರೆಸಿ, ಏನೂ ಹೇಳದೆ, ಕುರ್ಚಿಯ ಹಿಂದೆ ನಿಲ್ಲಿಸಿ ಕೇಳಿಸಿದ. ಅವನು ಕತ್ತು ವಾರೆ ಮಾಡಿ ಕೇಳಿದ. "ಮಷೀನ್ ಛಲೋ ಐತ್ರಿ. ಯಾರೋ ಉಸರಾಡಾಕ ಹತ್ಯಾರ" ಎಂದ. ಸಾಹುಕಾರನ ಮುಖ ನೋಡಿದವನು ಚಹಾಕ್ಕೂ ನಿಲ್ಲಲಿಲ್ಲ.

ದಿನಾ ಇದೇ ಆಯಿತು. ಕೇಳದೆ ಇರಲಾರ, ಕೇಳಿದರೆ ತಾಳಲಾರ. ಮೊದಲ ಹಾಡು ಅರ್ಧವಾಗುವುದರೊಳಗೆ ಆರಿಸಿಬಿಡುವನು. ಊಟ ಸೇರದಾಯಿತು. ಗಿರಣಿಗೆ ಹೋದರೆ ಯಂತ್ರದ ಗದ್ದಲದ ಕೆಳಗೂ ಅದೇ ಉಸಿರು. ಮೊಮ್ಮಗಳು ನೆಗಡಿಯಾಗಿ ಮೂಗು ಕಟ್ಟಿ ಮಲಗಿದ್ದರೆ ಅದರ ಹತ್ತಿರ ಹೋಗಲೂ ಹೆದರಿದ.

ಕಡೆಗೊಂದು ದಿನ ಹೆಂಡತಿ ಚಹಾ ತಂದು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಗಂಡ ಸ್ಪೀಕರಿನ ಕಪ್ಪು ಬಟ್ಟೆಗೆ ಕಿವಿ ಹಚ್ಚಿ, ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು, "ಯಪ್ಪಾ, ಇದ್ದೇನು? ಇದ್ದರ ಒಂದು ಮಾತು ಹೇಳೋ" ಎನ್ನುತ್ತಿದ್ದಾನೆ.

"ಏನಾಗೇತ್ರಿ ನಿಮಗ?"

ಸಾಹುಕಾರ ಅವಳ ರಟ್ಟೆ ಹಿಡಿದು ಎಳೆತಂದು ಕುರ್ಚಿಯಲ್ಲಿ ಕೂಡ್ರಿಸಿದ. "ನೀನರ ಕೇಳು. ನಾ ನಮ್ಮಪ್ಪನ್ನ ಜೀವಂತ ಹುಗದೀನೇನು, ಹೇಳು."

ಹೆಂಡತಿ ಕೇಳಿದಳು. ಹೆದರಲಿಲ್ಲ. ಅವಳ ಕಣ್ಣು ತುಂಬಿ ಬಂದವು.

"ಮಾವನೋರ ಉಸರಲ್ಲರೀ ಇದು. ನೀಲವ್ವಂದು."

"ಏನಂದಿ?"

"ಅಪ್ಪನ ದಮ್ಮು ಮಗಳಿಗೂ ಬಂದಿತ್ತಲ್ಲ. ಆವತ್ತ ಮಾವನೋರು ಒಂದ್ ಕಡೆ ವಾಲಾಕ ಹತ್ತಿದ್ರು. ಗ್ವಾಡಿಗೆ ಗೂಟ ಹೊಡದು ಕಟ್ಟೂಣು ಅಂದ್ರು ಮಂದಿ. ನಮ್ಮಪ್ಪನ್ನ ದನಾ ಕಟ್ಟಿದಂಗ ಕಟ್ಟಬ್ಯಾಡ್ರಿ, ನಾ ಹಿಡಕೋತೀನಿ ಅಂದ್ಲು. ಬೆನ್ನ ಹಿಂದ ಬಿಳೇ ಧೋತರ ಇಳಿಬಿಟ್ಟಿದ್ರಲ್ಲ, ಅದರ ಹಿಂದ ಕುಂತು, ಅವರ ಬೆನ್ನಿಗೆ ಎದಿ ಕೊಟ್ಟು, ಬೆಳಗಾಗೂತನಕ ಹಿಡದ್ಲು. ಒಂದ್ ಗುಟುಕು ನೀರು ಕುಡೀಲಿಲ್ಲ."

"ಇಷ್ಟ ದಿನಾ ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಿಟ್ರೇನು ನೀವು? ಅಕಿ ಹೆಸರು ತಗದ್ರ ಸಾಕು, ಉಣ್ಣೂ ಗಂಗಾಳ ಸರಿಸಿ ಎದ್ದ ಹೋಗತಿದ್ರಿ."

ಈ ಮಾತಿನ ಗದ್ದಲದಲ್ಲಿ ಸ್ವಿಚ್ಚು ಆರಿಸುವುದು ಅವನಿಗೆ ಮರೆತೇಹೋಗಿತ್ತು. ಮೊದಲ ಹಾಡು ಮುಗಿಯಿತು. ಪೇಟಿ ನಿಂತಿತು, ತಾಳ ನಿಂತಿತು. ಎರಡು ಹಾಡುಗಳ ನಡುವಿನ ಆ ನಿಶ್ಶಬ್ದದಲ್ಲಿ, ಹೋದ ವರ್ಷ ಮಣ್ಣಾದ ಹೆಣ್ಣುಮಗಳು ಕಪ್ಪು ಬಟ್ಟೆಯ ಹಿಂದಿನಿಂದ ಪಿಸುಗುಟ್ಟಿದಳು. "ಯಪ್ಪಾ, ವಾಲಬ್ಯಾಡೋ ನಮ್ಮಪ್ಪ. ಅಣ್ಣ ನೋಡಿದ್ರ ಹಗ್ಗಾ ತರತಾನ."

ಸಾಹುಕಾರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಮುಂದಿನ ಹಾಡು ಶುರುವಾಯಿತು, ಅದರ ಕೆಳಗೆ ಉಸಿರೂ ಶುರುವಾಯಿತು. ಅವನು ಹೆಂಡತಿಯನ್ನು ಕೇಳಿದ. "ಹೋದ ವರ್ಷ ಅಕಿನ್ನ ಕೂಡ್ರಿಸಿದಾಗ ಹಿಂದ ಯಾರು ಹಿಡದಿದ್ರು?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. "ಯಾರೂ ಇರಲಿಲ್ರೀ. ನಾ ಹೋಗಿ ಮುಟ್ಟೂದರಾಗ ಗೂಟಕ್ಕ ಕಟ್ಟಿಬಿಟ್ಟಿದ್ರು."

ಕಥೆ ಇಷ್ಟೇ. ಸಾಹುಕಾರ ಆ ಸ್ಪೀಕರು ಮಾರಿದನೋ ಇಟ್ಟುಕೊಂಡನೋ ಎಂದು ಕೇಳಬೇಡಿ, ಅದು ಮುಖ್ಯವಲ್ಲ. ಸ್ಪೀಕರು ಪಾಪ ಏನು ಮಾಡಿತು? ಇದ್ದದ್ದನ್ನು ಹೇಳಿತು. ನಿಮ್ಮಲ್ಲಿ ಕೆಲವರು ಮುದುಡಿ ಕೂತದ್ದನ್ನು ನಾನು ನೋಡಿದೆ. ಹೆಣ ಉಸಿರಾಡಿತು ಎಂದು ಹೆದರಿದಿರಿ. ಹೆದರಬೇಕಾದ್ದು ಅದಕ್ಕಲ್ಲ. ಜೀವಂತ ಇದ್ದವಳು ಅದೇ ಉಸಿರನ್ನು ವರ್ಷಗಟ್ಟಲೆ ಎಳೆದಳಲ್ಲ, ಒಂದು ದಿನವಾದರೂ ಅಣ್ಣನ ಕಿವಿಗೆ ಬಿತ್ತೇ? ಅದಕ್ಕೆ ಹೆದರಿ.

ಈಗ ನಿಮ್ಮನ್ನೇ ಕೇಳುತ್ತೇನೆ. ಯಾರ ಹೆಸರು ತೆಗೆದರೆ ನೀವು ಗಂಗಾಳ ಸರಿಸಿ ಏಳುತ್ತೀರಿ? ಅಣ್ಣನೇ, ನಾದಿನಿಯೇ, ಹೆತ್ತ ಮಗಳೇ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನೇ? ಅವರು ಬರಲಿಲ್ಲ, ಕೂಡಲಿಲ್ಲ, ಕೇಳಲಿಲ್ಲ ಎನ್ನುತ್ತೀರಿ. ನಿಮ್ಮ ಕಣ್ಣಿಗೆ ಬೀಳಲಿಲ್ಲ ಎಂದರೆ ಇರಲೇ ಇಲ್ಲ ಎಂದೇ? ನೀವು ಅಂಗಳದಲ್ಲಿ ನಿಂತು ದೊಡ್ಡಸ್ತಿಕೆ ಮಾಡುತ್ತಿದ್ದಾಗ ಒಳಗೆ ಯಾರು ಯಾರನ್ನು ಹಿಡಿದು ಕೂತಿದ್ದರೆಂದು ನಿಮಗೆ ಗೊತ್ತೇ? ಇನ್ನು ಮೇಲೆ ಮನೆಯಲ್ಲಿ ಯಾರಾದರೂ ಆ ಹೆಸರು ತೆಗೆದರೆ ಏಳಬೇಡಿ. ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೂತಿರಿ. ಹೇಳುವವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೇಳಿ. ಬೇವಿನಷ್ಟು ಕಹಿಯಾದರೂ ಕೇಳಿ.

ನಾಳೆ ನೋಡೋಣ ಎನ್ನಬೇಡಿ. ದಾಸೋಹದ ಹುಗ್ಗಿಯ ವಾಸನೆ ಬರುತ್ತಿದೆ, ನಿಮ್ಮ ಕಣ್ಣು ಅತ್ತ ಹೊರಳಿದ್ದೂ ಕಂಡೆ. ಹುಗ್ಗಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಹೊರಗೆ ಹೋಗಿ ಆ ಮನುಷ್ಯರಿಗೆ ಒಂದು ಫೋನು ಮಾಡಿ. ಏನು ಮಾತಾಡಬೇಕೆಂದು ತೋಚದಿದ್ದರೆ "ಊಟಾತೇನು?" ಎನ್ನಿ, ಸಾಕು. ಆಮೇಲೆ ಸುಮ್ಮನಿದ್ದು ಅತ್ತ ಕಡೆಯ ಉಸಿರು ಕೇಳಿ. ನಾನು ಇವತ್ತು ಮಂಗಳ ಹೇಳುವುದಿಲ್ಲ. ನೀವು ಮಾತಾಡಿ ಬರುವ ತನಕ ಇಲ್ಲೇ ಕೂತಿರುತ್ತೇನೆ. ಏಳಿ.