ಇಲ್ಲದವರ ಕುರ್ಚಿ

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಕಟ್ಟಿದ ಕತೆಯಲ್ಲ. ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, ದೀಪ ಆರಿಸಲು ಬಿಡದೆ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

ಆ ರಾತ್ರಿ ಅವಳು ಕೆಲಸ ಮುಗಿಸಿ ಹಳೆಯ ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಒಳಗೆ ಖಾಲಿ ಬಾಟಲಿಯೊಂದು ತೇಲುತ್ತ ಗೋಡೆಗೆ ತಾಗುತ್ತಿತ್ತು. ಟೊಕ್... ಟೊಕ್... ಮುಚ್ಚಿದ ಅಂಗಡಿಯೊಂದರ ತಗಡು ಗಾಳಿಗೆ ಕಿರುಗುಟ್ಟುತ್ತಿತ್ತು. ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೇಳಿಸದೆ ಇದ್ದದ್ದು ಒಂದೇ... ಅವಳ ಚಪ್ಪಲಿಯ ಸದ್ದು.

ಅವಳು ನಿಂತು, ಕಾಲನ್ನು ಕಲ್ಲಿಗೆ ಜೋರಾಗಿ ಅಪ್ಪಳಿಸಿದಳು.

ಸದ್ದಿಲ್ಲ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಮೊದಲು ಅವಳ ಕೆಲಸವನ್ನು ವಿವರಿಸಬೇಕು. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಯಂತ್ರಗಳು ಕೈಕೊಟ್ಟರೆ ನಿಮ್ಮ ಕಚೇರಿ ಹೇಗೆ ನಡೆದೀತು? ಹೀಗೆಂದು ಬೇರೆಯವರ ಕಚೇರಿಗಳಿಗೆ ಹೋಗಿ ಕೇಳುವುದು, ಅದಕ್ಕೊಂದು ಯೋಜನೆ ಮಾಡಿಕೊಡುವುದು, ಆಮೇಲೆ ನಿಜವಾಗಿಯೂ ವಿಪತ್ತು ಬಂದಿದೆ ಎಂಬಂತೆ ಎಲ್ಲರಿಂದಲೂ ಅಭಿನಯ ಮಾಡಿಸಿ ಯೋಜನೆಯನ್ನು ಪರೀಕ್ಷಿಸುವುದು. ಇದೇ ಅವಳ ಕಂಪನಿಯ ಉದ್ಯೋಗ. ಭಾವ ನಗುತ್ತಿದ್ದರು. "ಜನ ವಿಪತ್ತು ಬೇಡ ಅಂತ ಕೈಮುಗೀತಾರೆ, ನೀನು ದುಡ್ಡು ಇಸ್ಕೊಂಡು ಮನೆ ಬಾಗಿಲಿಗೇ ತಂದುಕೊಡ್ತೀಯ."

ಆ ಪರೀಕ್ಷೆಯಲ್ಲಿ ಒಂದು ಪದ್ಧತಿಯಿದೆ. ಕಚೇರಿಗೆ ಬಹಳ ಬೇಕಾದ ಒಬ್ಬರನ್ನು 'ಇಲ್ಲದವರು' ಮಾಡುತ್ತಾರೆ. ಅವರ ಕೊರಳಿಗೆ ಕೆಂಪು ಚೀಟಿ ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಯಾರೂ ಅವರನ್ನು ಮಾತಾಡಿಸಬಾರದು. ಅವರೂ ಬಾಯಿ ತೆರೆಯಬಾರದು. ಅವರಿಲ್ಲದೆಯೂ ಕೆಲಸ ಸಾಗುತ್ತದೆಯೇ ಎಂದು ನೋಡಬೇಕಲ್ಲ. ಎಲ್ಲ ಮುಗಿದ ಮೇಲೆ ಪರೀಕ್ಷೆ ನಡೆಸಿದವರೇ ಬಂದು, ತಮ್ಮ ಕೈಯಿಂದಲೇ ಚೀಟಿ ತೆಗೆದು, "ಪರೀಕ್ಷೆ ಮುಗಿಯಿತು. ಇನ್ನು ನೀವು ಇದ್ದೀರಿ" ಎನ್ನಬೇಕು. ಅಲ್ಲಿಯವರೆಗೆ ಅವರು ಏಳುವ ಹಾಗಿಲ್ಲ.

ಅಕ್ಕನ ಮನೆಯಲ್ಲಿ ಇದೊಂದು ತಮಾಷೆಯಾಗಿತ್ತು. ಜಗಳವಾಡಿ ಮಾತು ಬಿಟ್ಟವರು ಮತ್ತೆ ರಾಜಿಯಾಗುವಾಗ ಅದೇ ಮಾತನ್ನು ಹೇಳುತ್ತಿದ್ದರು. ಆ ದಿನ ಬೆಳಿಗ್ಗೆ ಅಕ್ಕನಿಗೂ ಮಗಳಿಗೂ ಜಗಳವಾಗಿತ್ತು. ಹುಡುಗಿ ಹೇಳದೆ ಕೇಳದೆ ಕೂದಲು ಕತ್ತರಿಸಿಕೊಂಡಿದ್ದಳು. ಅಕ್ಕ ಬೈದಿದ್ದಳು. ಇಬ್ಬರೂ ಮುಖ ಊದಿಸಿಕೊಂಡು, ಮಾತಿಲ್ಲದೆ ಬೇರೆಯಾಗಿದ್ದರು.

ರಾತ್ರಿ ಪರೀಕ್ಷೆಯಿದ್ದದ್ದು ಒಂದು ರಕ್ತನಿಧಿಯ ಕಚೇರಿಯಲ್ಲಿ. ಹಗಲಿನಲ್ಲಿ ಅಲ್ಲಿಯ ಕೆಲಸ ನಿಲ್ಲಿಸುವಂತಿಲ್ಲ. ಓಣಿಯಂಥ ಉದ್ದನೆಯ ಪಡಸಾಲೆ. ಮನುಷ್ಯರು ನಡೆದರೆ ತಾನಾಗಿ ಹೊತ್ತಿಕೊಳ್ಳುವ ದೀಪಗಳು. ಟಿಕ್... ಟಿಕ್... ನಡೆದ ಹಾಗೆ ಒಂದೊಂದಾಗಿ ಹೊತ್ತುತ್ತವೆ. ಅಕ್ಕ ಕೆಂಪು ಚೀಟಿಯನ್ನು ವ್ಯವಸ್ಥಾಪಕರ ಕೈಗೆ ಕೊಟ್ಟಳು.

"ನಮ್ಮ ಜನರೇಟರ್ ನೋಡ್ಕೊಳ್ಳೋರಿಗೆ ಹಾಕ್ತೀನಿ ಮೇಡಂ. ಅವರಿಲ್ಲ ಅಂದ್ರೆ ನಮಗೆ ಕೈಕಾಲೇ ಆಡಲ್ಲ" ಎಂದರು ಅವರು.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಕರೆಂಟು ತೆಗೆಸಿದರು. ಇನ್ನೊಂದು ಕಟ್ಟಡದಲ್ಲಿಟ್ಟಿದ್ದ ಪ್ರತಿಯಿಂದ ಮಾಹಿತಿಯೆಲ್ಲ ಮರಳಿ ಬಂದಿತು. ಕರೆಂಟನ್ನೂ ಮತ್ತೆ ಹಾಕಿಸಿದರು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಓಣಿಯ ಕೊನೆಗೆ ಹೋದಳು. ಅಲ್ಲಿ ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ತಲೆ ತಗ್ಗಿಸಿ ಕುಳಿತಿದ್ದರು. ಕೊರಳಲ್ಲಿ ಕೆಂಪು ಚೀಟಿ. ಅವರ ನೆತ್ತಿಯ ಮೇಲಿನ ದೀಪ ಮಾತ್ರ ಹೊತ್ತಿರಲಿಲ್ಲ. ಬಲ್ಬು ಹೋಗಿರಬೇಕು ಎಂದುಕೊಂಡಳು.

ಚೀಟಿ ತೆಗೆದಳು. ದಾರ ತಣ್ಣಗಿತ್ತು... ನೀರಿನಿಂದ ಎತ್ತಿದ ಹಾಗೆ.

"ಪರೀಕ್ಷೆ ಮುಗಿಯಿತು. ಇನ್ನು ನೀವು ಇದ್ದೀರಿ."

ಅವರು ನಿಧಾನವಾಗಿ ತಲೆ ಎತ್ತಿದರು. ಪಿಸುಗುಟ್ಟಿದರು. "ಬಹಳ ಹೊತ್ತಾಯ್ತಮ್ಮ..."

"ತಪ್ಪಾಯ್ತು ಯಜಮಾನರೇ, ಸ್ವಲ್ಪ ತಡ ಆಯ್ತು."

"ಯಾರೂ ಹೇಳಲೇ ಇಲ್ಲ..."

ಎದ್ದು ನಡೆದರು. ಟಿಕ್. ಮೇಲಿನ ದೀಪ ಹೊತ್ತಿತು. ಟಿಕ್... ಟಿಕ್... ಒಂದೊಂದು ದೀಪವೂ ಅವರಿಗಾಗಿ ಹೊತ್ತಿತು. ಮೂಲೆ ತಿರುಗಿ ಅವರು ಮರೆಯಾದ ಮೇಲೆ ಎಲ್ಲ ದೀಪಗಳೂ ಆರಿದವು.

ತೆಗೆದ ಚೀಟಿಯನ್ನು ಕೂಡಲೇ ಚೀಲಕ್ಕೆ ಹಾಕಬೇಕೆಂಬುದು ನಿಯಮ. ಅಕ್ಕನ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫೋನು. ಕೆಳಗೆ ಬಿದ್ದುಹೋದೀತೆಂದು, ಯೋಚಿಸದೆ, ತನ್ನ ಕೊರಳಿಗೇ ಹಾಕಿಕೊಂಡಳು.

ಹಿಂದಿರುಗಿ ನಡೆದಳು. ಒಂದು ದೀಪವೂ ಹೊತ್ತಲಿಲ್ಲ.

ಸಭಾಂಗಣದಲ್ಲಿ ಜನ ಚೀಲ ಎತ್ತಿಕೊಳ್ಳುತ್ತಿದ್ದರು. "ಎಲ್ಲ ಮುಗೀತು ಸಾರ್" ಎಂದಳು. ಯಾರೂ ತಿರುಗಲಿಲ್ಲ.

"ಆ ಮೇಡಂ ಎಲ್ಲಿ? ಹೇಳದೆ ಹೊರಟುಬಿಟ್ರಾ?" ಎಂದು ವ್ಯವಸ್ಥಾಪಕರು ಕೇಳುತ್ತಿದ್ದರು. "ಇವತ್ತು ಜನರೇಟರಿನವರು ಜ್ವರ ಅಂತ ಬರಲೇ ಇಲ್ಲ. ಅವರ ಕೆಂಪು ಚೀಟಿ ನನ್ನ ಜೇಬಿನಲ್ಲೇ ಉಳೀತು ನೋಡಿ."

ಒಬ್ಬಾಕೆ ದನಿ ತಗ್ಗಿಸಿದಳು. "ಒಳ್ಳೇದೇ ಆಯ್ತು ಬಿಡಿ ಸಾರ್. ಆ ಕೊನೇ ಕುರ್ಚೀಲಿ ಯಾರೂ ಕೂರೋದು ಬೇಡ. ಹಿಂದೆ ಆ ಬೇರೆ ಕಂಪನಿಯವರು ಪರೀಕ್ಷೆ ಮಾಡಿದಾಗ, ಪಾಪ, ಇಲ್ಲಿ ಕೆಲಸಕ್ಕಿದ್ದ ಆ ತಾತ ಕೆಂಪು ಚೀಟಿ ಹಾಕ್ಕೊಂಡು ಅಲ್ಲೇ ತೀರಿಹೋದ್ರಲ್ಲ. ಎದೆ ನೋವು ಬಂದ್ರೂ ಬಾಯಿ ಬಿಡಲಿಲ್ಲ. ಮಾತಾಡಬಾರದು ಅಂತ ಹೇಳಿದ್ರಂತೆ..."

ಅಕ್ಕ ಕೂಗಿದಳು. ಹತ್ತಿರ ಹೋಗಿ ಆಕೆಯ ತೋಳು ಹಿಡಿದಳು. ಆಕೆ ತೋಳು ಉಜ್ಜಿಕೊಂಡು, "ಎಲ್ಲಿಂದಲೋ ತಂಗಾಳಿ" ಎಂದಳು.

ಕೊರಳಿನ ಚೀಟಿ ತೆಗೆಯಲು ನೋಡಿದಳು. ದಾರ ಗಲ್ಲದ ಬಳಿಯೇ ಬಿಗಿಯಿತು. ಎಳೆದಷ್ಟೂ ಬಿಗಿಯಿತು.

ಹೀಗೆ ಅವಳು ಬಾವಿಯ ಪಕ್ಕ ನಿಂತಿದ್ದಳು. ಟೊಕ್... ಟೊಕ್... ದಿನವೂ ಓಡಿಬರುವ ನಾಯಿ ತಲೆಯನ್ನೂ ಎತ್ತಲಿಲ್ಲ. ಓಡಿದಳು. ಮನೆಯ ಕರೆಗಂಟೆ ಒತ್ತಿದಳು. ಅದು ಸದ್ದು ಮಾಡಲಿಲ್ಲ. ಅಷ್ಟರಲ್ಲಿ ಮಗಳೇ ಬಾಗಿಲು ತೆರೆದು ಬೀದಿಯತ್ತ ಇಣುಕಿದಳು. ಅಕ್ಕ ಅವಳ ಪಕ್ಕದಿಂದಲೇ ಒಳಗೆ ಬಂದಳು.

"ಪುಟ್ಟೀ..."

ಮಗಳು ಬಾಗಿಲು ಹಾಕಿದಳು.

ಭಾವ ಫೋನು ಕಿವಿಗಿಟ್ಟುಕೊಂಡು ಅತ್ತಿತ್ತ ಓಡಾಡುತ್ತಿದ್ದರು. "ಎತ್ತುತ್ತಿಲ್ಲ ಕಣೇ. ಆಫೀಸಿನವರು ಆಗಲೇ ಹೊರಟ್ರು ಅಂತಾರೆ. ನೀನಾದ್ರೂ ಬೆಳಿಗ್ಗೆ ಒಂದು ಮಾತಾಡಿ ಕಳಿಸಿದ್ರೆ ಏನು ಗಂಟು ಹೋಗ್ತಿತ್ತು?"

"ಅಮ್ಮನೇ ಮೊದಲು ಮಾತಾಡಲಿ. ಬೈದಿದ್ದು ಅವರು."

"ತಾಯಿಗೆ ತಕ್ಕ ಮಗಳು" ಎಂದು ಭಾವ ಟಾರ್ಚು ಹುಡುಕಿಕೊಂಡು ಹೊರಗೆ ಹೋದರು.

ಬಾಗಿಲ ಪಕ್ಕದಲ್ಲಿ ಒಂದು ಕುರ್ಚಿಯಿತ್ತು. ಕುಳಿತುಬಿಡು ಎಂದು ಯಾರೋ ಅಕ್ಕನ ಕಿವಿಯಲ್ಲಿ ಹೇಳಿದ ಹಾಗಾಯಿತು. ಕುಳಿತಳು. ಕುಳಿತ ಕೂಡಲೇ ತಲೆ ತಾನಾಗಿ ತಗ್ಗಿತು. ನಾಲಿಗೆ ಭಾರವಾಯಿತು. ಇನ್ನು ಏಳಲಾರೆ ಎಂದು ಅವಳಿಗೆ ತಿಳಿಯಿತು. ಆ ತಾತನಿಗೂ ಹೀಗೆಯೇ ಆಗಿರಬೇಕು...

ಮಗಳು ಕಿಟಕಿಗೂ ಬಾಗಿಲಿಗೂ ನಡೆದಾಡಿದಳು. ಕತ್ತರಿಸಿದ ಕೂದಲನ್ನು ಬೆರಳಿನಿಂದ ಎಳೆದುಕೊಂಡಳು. ಕೊನೆಗೆ ಆ ಕುರ್ಚಿಯ ಮುಂದೆ ನಿಂತಳು. ಅದರ ಬೆನ್ನಿಗೆ ಅಕ್ಕನ ಶಾಲು ತೂಗುಹಾಕಿತ್ತು. ಹುಡುಗಿ ಅಳುತ್ತಿದ್ದಳು. ಅಳುತ್ತಲೇ ತಮಾಷೆಯ ದನಿ ತೆಗೆಯಲು ನೋಡಿದಳು.

"ಸಾಕಮ್ಮಾ... ನಾನೇ ಸೋತೆ. ಪರೀಕ್ಷೆ ಮುಗಿಯಿತು. ಇನ್ನು ನೀವು ಇದ್ದೀರಿ."

ಹೇಳುತ್ತ ಶಾಲು ಎಳೆದುಕೊಂಡಳು. ಶಾಲಿನ ಜೊತೆಗೆ ಕೈಗೆ ತಣ್ಣನೆಯ ದಾರವೊಂದು ಸಿಕ್ಕಿತು. ಅದನ್ನೂ ಎಳೆದಳು.

ಹುಡುಗಿ ಕಿರುಚಿದ್ದು ಬೀದಿಯಲ್ಲಿದ್ದ ಭಾವನಿಗೆ ಕೇಳಿಸಿತು. ಅವರು ಓಡಿಬಂದಾಗ ತಾಯಿ ಮಗಳಿಬ್ಬರೂ ನೆಲದ ಮೇಲೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಳಿತಿದ್ದರು. "ಯಾವಾಗ ಬಂದೆ? ನಾನು ಮನೆ ಮುಂದಿನ ಬೀದಿಯಲ್ಲೇ ಇದ್ದೆನಲ್ಲ?" ಎಂದು ಭಾವ ಇಂದಿಗೂ ಕೇಳುತ್ತಾರೆ. ಹಿತ್ತಿಲ ಬಾಗಿಲಿನಿಂದ ಬಂದಿರಬೇಕು ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಆ ಮನೆಗೆ ಹಿತ್ತಿಲ ಬಾಗಿಲಿಲ್ಲ.

ಅಕ್ಕ ಈಗ ಚೆನ್ನಾಗಿದ್ದಾಳೆ. ಕೆಲಸಕ್ಕೂ ಹೋಗುತ್ತಾಳೆ. 'ಇಲ್ಲದವರು' ಮಾಡುವ ಪದ್ಧತಿಯನ್ನು ಮಾತ್ರ ಹಟ ಹಿಡಿದು ಬಿಡಿಸಿದ್ದಾಳೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಣ್ಣಾರೆ ಕಂಡದ್ದು ಇಷ್ಟೇ. ನಮ್ಮ ಮನೆಯ ಮೆಟ್ಟಿಲಿಗೂ ಅಂಥದೇ ತಾನಾಗಿ ಹೊತ್ತುವ ದೀಪವಿದೆ. ಬೆಕ್ಕು ಬಂದರೂ ಟಿಕ್ ಎನ್ನುತ್ತದೆ. ಅಕ್ಕ ಬರುವಳೆಂದು ತಿಳಿದ ದಿನ ನಾನು ಮೊದಲೇ ಕೆಳಗಿಳಿದು ನಿಲ್ಲುತ್ತೇನೆ. ಇಲ್ಲದಿದ್ದರೆ ಅವಳು ಕತ್ತಲಲ್ಲೇ ಹತ್ತಿ ಬರಬೇಕು.