ಚಾಟಿ ಕೇಳಿದವನು

ದೀಪ ಸ್ವಲ್ಪ ಸಣ್ಣ ಮಾಡಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಬಾಯಿ ಒಣಗುತ್ತೆ.

ರಾತ್ರಿ ಎರಡು ಗಂಟೆ. ದಾರಿ ಪಕ್ಕ ದೊಡ್ಡ ಆಲದ ಮರ, ಅದರ ಬುಡದಲ್ಲಿ ಬಾವಿ. ಹತ್ತು ಮೂಟೆ ಹಿಟ್ಟು ಹೊತ್ತ ಗಾಡಿ ಅಲ್ಲಿಗೆ ಬಂತು... ಕುದುರೆ ನಿಂತುಬಿಟ್ಟಿತು.

ಗಾಡಿ ಮೇಲೆ ಇದ್ದವನು ನನ್ನ ಭಾವಮೈದ. ನನ್ನ ಹೆಂಡತಿಯ ಖಾಸಾ ತಮ್ಮ, ಕಂಡೋರ ಕತೆಯಲ್ಲ ಇದು. ಮೂಗಿನ ತುದೀಲಿ ಕೋಪ, ಅದಕ್ಕೇ ಊರೆಲ್ಲ ಅವನನ್ನು ಸಿಡಿಮದ್ದು ಅಂತ ಕರೀತಿತ್ತು. ಆ ಬೂದಿ ಬಣ್ಣದ ಕುದುರೆ ಕೊಳ್ಳುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಶಾಲೆ ಮೆಟ್ಟಿಲು ಹತ್ತಿದೋನಲ್ಲ, ಆದರೆ ಕುದುರೆ ವಿದ್ಯೆ ನನಗೆ ನೀರು ಕುಡಿದ ಹಾಗೆ. ಓಡಿಹೋಗ್ತಿದ್ದ ಹನ್ನೊಂದು ಕುದುರೆಗಳನ್ನು ಬರೀ ಕೆಮ್ಮಿ ನಿಲ್ಲಿಸಿದೋನು ನಾನು. ಹನ್ನೊಂದನೆಯದು ಕಿವುಡು. ಅದೂ ನಿಂತಿತು!

ಆ ಕುದುರೆಯ ಹಿಂದಿನ ಯಜಮಾನ ಎಡಚ. ಗಿರಣಿಯಿಂದ ಬೇಕರಿಗೆ ಹಿಟ್ಟು ಸಾಗಿಸ್ತಿದ್ದ. ಲಗಾಮು ಹಿಡಿಯೋದು, ಮೂಟೆ ಎತ್ತೋದು, ಎಲ್ಲಾ ಎಡಗೈಯಲ್ಲೇ. ಚಾಟಿ ಅನ್ನೋದನ್ನ ಅವನು ಮುಟ್ಟಿದೋನೇ ಅಲ್ಲ. ನಾಲಿಗೆಯಲ್ಲಿ ‘ಟ್ಳಕ್’ ಅಂದರೆ ಸಾಕು, ಕುದುರೆ ಹೆಜ್ಜೆ ಇಡೋದು. ಈ ಬಾವಿ ಹತ್ತಿರ ದಿನಾ ನಿಲ್ಲಿಸಿ, ಮೊದಲು ಕುದುರೆಗೆ ನೀರು, ಆಮೇಲೆ ತನಗೆ. ಒಂದು ರಾತ್ರಿ ಹಗ್ಗ ಎಳೀತಾ ಎಳೀತಾ ಕೂತ... ಏಳಲಿಲ್ಲ. ಬೆಳಗಾಗೋವರೆಗೂ ಕುದುರೆ ಅವನ ತಲೆ ಹತ್ತಿರ ಕದಲದೆ ನಿಂತಿತ್ತು. ಆಮೇಲೆ ಜನ ಹೆದರಿ ಬಾವಿಯ ರಾಟೆ, ಹಗ್ಗ ಎರಡನ್ನೂ ಕಿತ್ತುಹಾಕಿದರು.

ಕುದುರೆ ಮಾತ್ರ ಅಲ್ಲಿ ನಿಲ್ಲೋದು ಬಿಡಲಿಲ್ಲ. ಸಿಡಿಮದ್ದು ಹೊಡೆಯೋನು, ಅದು ಕಚ್ಚೋದು. ಹಾವು ಮುಂಗುಸಿ ಸಂಸಾರ. ಮೂರು ದಿನ ಹಿಟ್ಟು ತಡವಾಯ್ತು. ಬೇಕರಿ ಯಜಮಾನ ಎಲ್ಲರೆದುರೇ ಅಂದ, “ನಾಳೆ ನಾಲ್ಕಕ್ಕೆ ಹಿಟ್ಟು ಇಲ್ಲಿರಬೇಕು. ಇಲ್ಲದಿದ್ರೆ ಲಾರಿಯವನಿಗೆ ಹೇಳ್ತೀನಿ. ನೀನೂ ನಿನ್ನ ಕುದುರೆಯೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಹಸ್ಕೊಂಡಿರಿ.”

ನಾನು ಬುದ್ಧಿ ಹೇಳಿದೆ. “ನೋಡಯ್ಯ, ಅದರ ಭುಜದ ಪಕ್ಕ ನಿಲ್ಲು. ಕಣ್ಣು ಗುರಾಯಿಸಬೇಡ. ಕೈ ಮೂಸಿ ನೋಡಲಿ. ಒಂದು ಹೆಜ್ಜೆ ಇಟ್ಟರೆ ಲಗಾಮು ಸಡಿಲ ಬಿಡು, ಅದೇ ಅದಕ್ಕೆ ಕೂಲಿ.”

“ಭಾವ, ಅದು ಕುದುರೆ. ನಿಮ್ಮ ಅತ್ತೆ ಅಲ್ಲ, ನಾಜೂಕು ಮಾಡೋಕೆ.”

“ನನ್ನ ಅತ್ತೆ ಅಂದ್ರೆ ನಿಮ್ಮಮ್ಮ ಕಣಯ್ಯ!”

ಕೇಳಲಿಲ್ಲ. ಆ ರಾತ್ರಿ ಬಾವಿ ಹತ್ತಿರ ಏಳು ಏಟು ಕೊಟ್ಟ. ಕುದುರೆ ಕಿವಿ ಹಿಂದಕ್ಕೆ ಮಡಚಿತು, ಕಾಲು ಎತ್ತಲಿಲ್ಲ.

ಎಂಟನೆಯದಕ್ಕೆ ಕೈ ಮೇಲೆತ್ತಿದ.

ಕಿರ್‍ರ್... ಕಿರ್‍ರ್...

ರಾಟೆ ತಿರುಗೋ ಸದ್ದು. ರಾಟೆಯೇ ಇಲ್ಲದ ಬಾವಿಯಿಂದ.

ದುಬುಕ್... ಬಿಂದಿಗೆ ಮುಳುಗಿತು.

ಆಮೇಲೆ ಕತ್ತಲಲ್ಲಿ, ತೀರಾ ಹತ್ತಿರ... ಟ್ಳಕ್.

ಕುದುರೆ ಹೊರಟಿತು. ಬೇಕರಿ ಕಡೆಗಲ್ಲ, ಬಾವಿ ಕಡೆಗೆ. ಇವನು ಎರಡೂ ಕೈಯಲ್ಲಿ ಲಗಾಮು ಜಗ್ಗಿದ, ಅಂಗೈ ಸುಲಿಯಿತು. ಟ್ಳಕ್... ಇನ್ನೊಂದು ಹೆಜ್ಜೆ. ಆ ಬದಿಯಲ್ಲಿ ಬಾವಿಕಟ್ಟೆ ಕುಸಿದಿತ್ತು. ಲಾಳಕ್ಕೆ ತಾಗಿದ ಕಲ್ಲೊಂದು ಉರುಳಿ... ಎಷ್ಟೋ ಹೊತ್ತಾದ ಮೇಲೆ ಕೆಳಗೆ ಚುಳುಕ್ ಅಂತು.

“ಯಾ... ಯಾರು?”

“ಚಾಟಿ ಕೊಡು.” ಪಿಸುಮಾತು.

“ಎಡಚಣ್ಣಾ... ಕುದುರೆ ಈಗ ನಂದು ಕಣಣ್ಣ...”

“ಚಾಟಿ.”

ಬಾವಿಯೊಳಕ್ಕೆ ಎಸೆದುಬಿಟ್ಟ. ಕಿವಿಗೊಟ್ಟ... ನೀರಿಗೆ ಬಿದ್ದ ಸದ್ದೇ ಬರಲಿಲ್ಲ. ಯಾರೋ ಹಿಡಿದುಕೊಂಡ ಹಾಗೆ.

ಗಾಡಿಯಿಂದ ಇಳಿದ. ಓಡಿಹೋಗಬಹುದಿತ್ತು. ಹೋದರೆ ಕುದುರೆ, ಗಾಡಿ, ಹೆಂಡತಿ ಮಕ್ಕಳ ಅನ್ನ, ಎಲ್ಲಾ ಬಾವಿಗೆ. ಆಗ ಅವನಿಗೆ ನೆನಪಾದದ್ದು ಯಾರ ಮಾತು? ನನ್ನದು! ಭುಜದ ಪಕ್ಕ ನಿಂತ. ಕಣ್ಣು ನೆಲಕ್ಕೆ ಹಾಕಿದ. ಕೈ ಚಾಚಿದ. ಬೆನ್ನ ಹಿಂದೆ ಏನೋ ತಣ್ಣಗೆ ಓಡಾಡ್ತಿತ್ತಂತೆ... ತಿರುಗಲಿಲ್ಲ.

ಟ್ಳಕ್, ಅಂತು ಬಾವಿ ಕಡೆಯಿಂದ.

ಕುದುರೆಯ ಒಂದು ಕಿವಿ ಅತ್ತ, ಒಂದು ಕಿವಿ ಇವನ ಕಡೆ. ಫುರ್‍ರ್... ಬಿಸಿ ಉಸಿರು ಅಂಗೈಗೆ ತಾಗಿತು. ಚಪ್... ಚಪ್... ತುಟಿ ನೆಕ್ಕಿಕೊಂಡಿತು. ಹಿಂದಕ್ಕೆ ಒಂದು ಹೆಜ್ಜೆ. ಇವನು ತಕ್ಷಣ ಲಗಾಮು ಸಡಿಲ ಬಿಟ್ಟ. ಮತ್ತೊಂದು ಹೆಜ್ಜೆ... ಹಾಗೇ ಗಾಡಿ ದಾರಿಗೆ ಬಂತು. ಅಲ್ಲಿಂದ ಇವನು ಗಾಡಿ ಹತ್ತಲಿಲ್ಲ, ಅದರ ಪಕ್ಕ ನಡೆದೇ ಹೋದ.

ನಾಲ್ಕಕ್ಕೆ ಇನ್ನೂ ಐದು ನಿಮಿಷ ಇತ್ತು. ಬೇಕರಿ ಯಜಮಾನ ಗಡಿಯಾರ ನೋಡಿ ಕೊಂಕು ಆಡಿದ, “ಇವತ್ತು ಕುದುರೆ ನಿನ್ನನ್ನ ಎಳ್ಕೊಂಡು ಬಂತಾ?” ಜಗಳಕ್ಕೆ ಸದಾ ತಯಾರಿದ್ದ ಸಿಡಿಮದ್ದು ತಲೆ ತಗ್ಗಿಸಿ ಹತ್ತೂ ಮೂಟೆ ಇಳಿಸಿದ. ಸೀದಾ ನಮ್ಮ ಮನೆಗೆ ಬಂದ.

“ಅಕ್ಕಾ, ಬೆನ್ನು ಯಾಕೋ ಉರೀತಿದೆ.”

ಅಂಗಿಯ ಒಂದು ನೂಲೂ ಹರಿದಿರಲಿಲ್ಲ. ಅಂಗಿ ಬಿಚ್ಚಿಸಿದಳು ನನ್ನ ಹೆಂಡತಿ. ಬಾಸುಂಡೆ, ಬೆರಳು ದಪ್ಪ, ಕೆಂಪಗೆ.

“ಯಾರೋ ನಿನಗೆ ಹೊಡೆದಿದ್ದು?”

“ಯಾರೂ ಮುಟ್ಟಲೇ ಇಲ್ಲ ಅಕ್ಕಾ...”

ನಾನು ದೀಪ ಹತ್ತಿರ ಹಿಡಿದು ಬೆರಳಿಟ್ಟು ಎಣಿಸಿದೆ. ಏಳು. ಜೀವಮಾನವೆಲ್ಲ ಚಾಟಿ ಏಟಿನ ಗುರುತು ನೋಡಿದ ಕಣ್ಣು ಇದು. ಬಲಗೈಯವನ ಏಟು ಬೀಳೋ ಓರೆ ನನಗೆ ಗೊತ್ತು.

ಆ ಹನ್ನೊಂದು ಕುದುರೆ ಕತೇಲಿ ಬೇಕಾದರೆ ನಾಲ್ಕೈದು ಕಮ್ಮಿ ಮಾಡ್ಕೊಳ್ಳಿ, ಬೇಜಾರಿಲ್ಲ. ಇದರಲ್ಲಿ ಒಂದೂ ಕಮ್ಮಿ ಮಾಡಬೇಡಿ. ಏಳಕ್ಕೆ ಏಳೂ ಎಡಗೈ ಏಟು.